ಮಾವನವರ ಹುಳಗಳಿಗೆ ನಾನು ಬರೆದ ಚೀಟಿಗಳು

ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳ ವಿಷಯದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ ಎಂದು ಕಳೆದ ವರ್ಷದ ಫೆಬ್ರವರಿಯವರೆಗೆ ನಾನು ನಂಬಿದ್ದೆ. ನಂಬಿಕೆಗೆ ಆಧಾರವಿತ್ತು. ನಮ್ಮ ಪತ್ರಿಕೆಯ ಭಾನುವಾರದ ಪುರವಣಿಗೆ ನಾನು ಹನ್ನೆರಡು ಕಂತುಗಳ ಲೇಖನಮಾಲೆ ಬರೆದಿದ್ದೆ. ತಿಮಿಂಗಿಲದ ಎಲುಬು ತೂಗುಹಾಕಿದ ಸಭಾಂಗಣ, ಮೀಸೆ ತಿರುವಿದ ರಾಜರ ತೈಲಚಿತ್ರಗಳ ಸಾಲು, ಗಾಜಿನ ಕೆಳಗೆ ಮಲಗಿದ ಮಮ್ಮಿ, ಎಲ್ಲವನ್ನೂ ಕಣ್ಣಾರೆ ಕಂಡವನು. ಟಿಕೆಟ್ ಪಡೆದು ಒಳಗೆ ಹೋಗಿ, ಬಾಣದ ಗುರುತು ತೋರಿದ ದಾರಿಯಲ್ಲಿ ನಡೆದು, ಬಾಣದ ಗುರುತು ತೋರಿದ ದಾರಿಯಲ್ಲೇ ಹೊರಗೆ ಬಂದವನು!

ಹಾಗಾಗಿ ಫೆಬ್ರವರಿಯ ಒಂದು ಬೆಳಗ್ಗೆ, ಖಾಸಬಾಗದ ನಮ್ಮ ಮನೆಯಲ್ಲಿ ಅವಲಕ್ಕಿ ತಿನ್ನುತ್ತ, ಹೆಂಡತಿ ಶರ್ವರಿಯ ಎದುರು ಘೋಷಣೆ ಮಾಡಿದೆ.

"ನಿಮ್ಮ ಅಪ್ಪಾರ ಹುಳಾ ಎಲ್ಲಾ ದೊಡ್ಡ ಮ್ಯೂಸಿಯಮ್ಮಿಗೆ ಹೋಗ್ತಾವ. ನಾ ಕಳಸ್ತೀನಿ. ಹಿತ್ತಾಳಿ ಪಾಟಿ ಮ್ಯಾಲ ಅವರ ಹೆಸರು ಕೆತ್ತಸ್ತೀನಿ!"

"ಗ್ಯಾಸಿನ ಪುಸ್ತಕದಾಗ ನನ್ನ ಹೆಸರು ಮಾಡಸ್ತೀನಿ ಅಂತ ಹೇಳಿ ನಾಕ್ ವರ್ಷ ಆತು," ಎಂದಳು ಶರ್ವರಿ. "ಮೊದಲ ಅದನ್ನ ಮಾಡಸ್ರಿ. ಹಿತ್ತಾಳಿದು ಆಮ್ಯಾಲ ನೋಡೂಣು."

ಮಾವನವರ ಹುಳಗಳ ವಿಷಯವನ್ನು ಇಲ್ಲಿ ಹೇಳಬೇಕು.

ಮಾವ ಪಾರ್ಶ್ವನಾಥ ಮಾಸ್ತರರು ಖಾನಾಪುರದವರು. ಎಪ್ಪತ್ತೊಂಬತ್ತು ವರ್ಷ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಾವು ಜೈನರು, ನಾನು ಕಾಗದಪತ್ರದಲ್ಲಿ, ಅವರು ನಡೆಯುವ ದಾರಿಯಲ್ಲಿ. ಪ್ರಾಯದಲ್ಲಿ ಅವರು ಪ್ರಾಣಿಶಾಸ್ತ್ರ ಓದಲೆಂದು ಬೆಳಗಾವಿಯ ಕಾಲೇಜು ಸೇರಿದ್ದರು. ಮೊದಲ ಪ್ರಯೋಗದ ದಿನ ಕೈಗೆ ಒಂದು ಜೀವಂತ ಕಪ್ಪೆ, ಒಂದು ದಬ್ಬಣ ಕೊಟ್ಟರಂತೆ. ಇವರು ದಬ್ಬಣವನ್ನು ಮೇಜಿನ ಮೇಲಿಟ್ಟು, ಕಪ್ಪೆಯನ್ನು ಜೇಬಿನಲ್ಲಿಟ್ಟುಕೊಂಡು, ಕೋಟೆ ಕೆರೆಯವರೆಗೆ ನಡೆದುಹೋಗಿ ಬಿಟ್ಟು ಬಂದರು. ಪ್ರಾಣಿಶಾಸ್ತ್ರವನ್ನೂ ಅಲ್ಲೇ ಬಿಟ್ಟರು. ಭೌತಶಾಸ್ತ್ರ ಓದಿ ಮಾಸ್ತರರಾದರು.

ಆದರೆ ಹುಳುಹುಪ್ಪಟೆಗಳ ಮೇಲಿನ ಪ್ರೀತಿ ಹೋಗಲಿಲ್ಲ. ಅದಕ್ಕೆ ಅವರು ತಮ್ಮದೇ ಒಂದು ದಾರಿ ಕಂಡುಕೊಂಡರು. ತಾವಾಗಿ ಸತ್ತವನ್ನು ಮಾತ್ರ ಎತ್ತುವುದು. ದಿನಾ ಬೆಳಗ್ಗೆ, ಕಸ ಗುಡಿಸುವವರು ಬರುವ ಮುಂಚೆ, ಖಾಲಿ ಬೆಂಕಿಪೊಟ್ಟಣ ಹಿಡಿದು ಖಾನಾಪುರ ಬಸ್ ನಿಲ್ದಾಣದ ದೀಪದ ಕಂಬಗಳ ಕೆಳಗೆ ಬಗ್ಗಿ ನೋಡುವುದು. ರಜೆ ಇದ್ದರೆ ಸೈಕಲ್ ಏರಿ ಜಾಂಬೋಟಿ ರಸ್ತೆ. ಹೀಗೆ ನಲವತ್ತೊಂದು ವರ್ಷ! ಗಾಜಿನ ಮುಚ್ಚಳದ ಮೂವತ್ತೆಂಟು ತೇಗದ ಪೆಟ್ಟಿಗೆ, ಅವುಗಳಲ್ಲಿ ಸೂಜಿಗೆ ಚುಚ್ಚಿ ನಿಲ್ಲಿಸಿದ ಸಾವಿರದ ಒಂಬೈನೂರ ಹದಿನಾಲ್ಕು ಹುಳ. ಒಂದನ್ನೂ ಅವರು ಕೊಂದಿಲ್ಲ. ಪ್ರತಿ ಹುಳದ ಕೆಳಗೆ, ಅದೇ ಸೂಜಿಗೆ, ಉಗುರಿನಷ್ಟು ಅಗಲದ ಒಂದು ಚೀಟಿ. ಅದರಲ್ಲಿ ಮೂರು ಸಾಲು: ಎಲ್ಲಿ ಸತ್ತಿತು, ಯಾವಾಗ ಸತ್ತಿತು, ಹೇಗೆ ಸತ್ತಿತು. ಹುಳದ ಹೆಸರು ಇಲ್ಲ.

"ಹೆಸರು ಯಾಕ ಬರದಿಲ್ರಿ ಮಾವಾರ?" ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ಹೆಸರು ನಾವು ಇಟ್ಟದ್ದು. ನಾಳೆ ಬ್ಯಾರೆದವರು ಬಂದು ಬದಲಿ ಮಾಡ್ತಾರ. ಎಲ್ಲಿ ಸತ್ತಿತು ಅನ್ನೂದನ್ನ ಯಾರೂ ಬದಲಿ ಮಾಡಾಕ ಬರೂದಿಲ್ಲ," ಎಂದಿದ್ದರು.

ಬದಲಿ ಮಾಡುವವನು ಎದುರಿಗೇ ನಿಂತು ತಲೆಯಾಡಿಸುತ್ತಿದ್ದ ಎಂದು ಅವರಿಗೆ ಹೇಗೆ ಗೊತ್ತಾಗಬೇಕು!

ಮಾಸ್ತರರು ಯಾರನ್ನೂ ಏನನ್ನೂ ಕೇಳಿದವರಲ್ಲ. ಕಳೆದ ವರ್ಷ ಬಲಗೈ ನಡುಗಲು ಶುರುವಾದ ಮೇಲೆ ಮಗಳಿಗೆ ಒಂದು ಮಾತು ಹೇಳಿದರಂತೆ: "ಇನ್ನ ಸೂಜಿ ಹಿಡಿಯಾಕ ಆಗೂದಿಲ್ಲವ್ವಾ. ನಾ ಇರೂದ್ರಾಗ ಇವಕ್ಕ ಒಂದು ಜಾಗಾ ಸಿಕ್ಕರ ಸಾಕು." ಅವರ ಬದುಕಿನ ಏಕೈಕ ಬೇಡಿಕೆ. ಅದನ್ನು ಶರ್ವರಿ ನನಗೆ ಹೇಳಿದಳು. ಹನ್ನೆರಡು ಕಂತುಗಳ ಸರದಾರ ಟೊಂಕ ಕಟ್ಟಿ ನಿಂತ!

ಪೆಟ್ಟಿಗೆಗಳ ನಾಲ್ಕು ಫೋಟೊ ತೆಗೆದು, ಎರಡು ಪುಟದ ಪತ್ರ ಬರೆದು, ಮಹಾನಗರದ ದೊಡ್ಡ ವಸ್ತುಸಂಗ್ರಹಾಲಯವೊಂದಕ್ಕೆ ಕಳಿಸಿದೆ. ಐದನೇ ದಿನ ಉತ್ತರ ಬಂತು. ಕೀಟ ವಿಭಾಗದ ಮುಖ್ಯಸ್ಥೆ ಡಾಕ್ಟರ್ ತಹಮೀನಾ ಖುದ್ದಾಗಿ ಮಾರ್ಚ್ ಒಂಬತ್ತರ ಭಾನುವಾರ ಬರುತ್ತಾರೆ, ಸಂಗ್ರಹವನ್ನು ಹೇಗಿದೆಯೋ ಹಾಗೇ ಇಡಬೇಕು ಎಂದು ಕೋರಿದ್ದರು. ಎಂಥ ವಾಕ್ಚಾತುರ್ಯ ನನ್ನದು! ಎರಡೇ ಪುಟಕ್ಕೆ ವಿಜ್ಞಾನಿಯೇ ವಿಮಾನ ಹತ್ತುತ್ತಾರೆ ಎಂದರೆ!

"ಹೇಗಿದೆಯೋ ಹಾಗೇ" ಎಂಬ ಮಾತನ್ನು ನಾನು ಓದಲಿಲ್ಲ ಎನ್ನಲಾರೆ. ಓದಿದೆ. ನಮ್ಮ ಮನೆಗೆ ಬೀಗರು ಬರುವ ಮುಂಚೆ ಫೋನಿನಲ್ಲಿ "ಏನೂ ಮಾಡಬ್ಯಾಡ್ರಿ, ಚಾ ಇದ್ದರ ಸಾಕು" ಅನ್ನುತ್ತಾರಲ್ಲ, ಆ ಸಾಲಿಗೆ ಸೇರಿಸಿದೆ.

ಪೆಟ್ಟಿಗೆಗಳನ್ನು ಖಾನಾಪುರದಿಂದ ನಮ್ಮ ಮನೆಗೆ ತರಿಸಿದೆ. ಭಾವಮೈದ ಸುಯೋಗ ತನ್ನ ವ್ಯಾನಿನಲ್ಲಿ ಹಾಸಿಗೆ ಹಾಸಿ, ಗಂಟೆಗೆ ಇಪ್ಪತ್ತರ ವೇಗದಲ್ಲಿ, ಹಿಂದಿನ ಲಾರಿಗಳಿಂದ ಬೈಸಿಕೊಳ್ಳುತ್ತ ತಂದ. ಮಾಸ್ತರರು ಮಾಡಿದ್ದು ಒಂದೇ ಕರಾರು.

"ಔಷಧ ಹೊಡೀಬ್ಯಾಡ್ರಿ. ಅಲುಗಾಡಸಬ್ಯಾಡ್ರಿ."

"ಮಾವಾರ, ನನ್ನ ಕಣ್ಣಾಗ ಇಟ್ಟು ಕಾಯ್ತೀನಿ," ಎಂದೆ. ಕಣ್ಣಿಗೆ ಬಿದ್ದದ್ದೇ ಅವುಗಳ ಗ್ರಹಚಾರ.

ಒಂಬತ್ತು ದಿನ ರಜೆ ಹಾಕಿದೆ. ಪಡಸಾಲೆಯಿಂದ ಟೀವಿ ಹೊರಹೋಯಿತು. ಊಟದ ಮೇಜು, ಎರಡು ಮಂಚ, ಇಸ್ತ್ರಿ ಮಾಡುವ ಹಲಗೆ, ಎಲ್ಲ ಪ್ರದರ್ಶನದ ವೇದಿಕೆಗಳಾದವು. ನಾವಿಬ್ಬರೂ ನೆಲದ ಮೇಲೆ ಮಲಗಿದೆವು. ಎರಡನೇ ದಿನವೇ ಇರುವೆಗಳು ಸುದ್ದಿ ಮುಟ್ಟಿ ಹಾಜರಾದವು.

"ಇರಬಿ ಪುಡಿ ತರಲೇನು?"

"ತರ್ರಿ. ನಾ ಖಾನಾಪುರಕ್ಕ ಹೋಗ್ತೀನಿ," ಎಂದಳು ಶರ್ವರಿ. "ನಲವತ್ತೊಂದು ವರ್ಷ ಒಂದು ಹುಳಾ ಕೊಲ್ಲದ ಮಾಡಿದ್ದನ್ನ ಉಳಸಾಕ ಸಾವಿರ ಇರಬಿ ಕೊಲ್ತಾರಂತ!"

ಕೊನೆಗೆ ಮೇಜು ಮಂಚಗಳ ಪ್ರತಿ ಕಾಲಿನ ಕೆಳಗೂ ನೀರು ತುಂಬಿದ ಒಂದೊಂದು ವಾಟಿ ಇಟ್ಟೆ. ಮನೆಯ ವಾಟಿಗಳೆಲ್ಲ ಮಂಚದ ಕಾಲಿಗೆ ಹೋದವು. ನಾವು ಸಾರನ್ನು ಚಹದ ಕಪ್ಪಿನಲ್ಲಿ ಕುಡಿದೆವು. ನೀರಿಗೆ ಬಿದ್ದು ಇರುವೆ ಸತ್ತಾವೆಂದು ಶರ್ವರಿ ಅವುಗಳನ್ನು ಬೇರೆಡೆ ಸೆಳೆಯಲು ಹಿತ್ತಲಲ್ಲಿ ಒಂದು ತಟ್ಟೆ ಬೆಲ್ಲ ಇಟ್ಟಳು. ಖಾಸಬಾಗದ ಅಷ್ಟೂ ಇರುವೆಗಳಿಗೆ ನಮ್ಮ ಮನೆಯ ವಿಳಾಸ ಸಿಕ್ಕಿದ್ದು ಹಾಗೆ.

ಇವೆಲ್ಲ ಸಣ್ಣ ತಾಪತ್ರಯಗಳು. ನನ್ನನ್ನು ಕಾಡಿದ್ದು ಸಂಗ್ರಹದ ಅವತಾರ. ನೀಲಿ ಚಿಟ್ಟೆಯ ಪಕ್ಕ ಕಂದು ಜಿರಳೆ, ಅದರ ಪಕ್ಕ ರೆಕ್ಕೆ ಹರಿದ ಪತಂಗ. ಸತ್ತ ತಾರೀಖಿನ ಕ್ರಮವಂತೆ! ನಾನು ಕಂಡ ಕಲಾ ಗ್ಯಾಲರಿಗಳಲ್ಲಿ ದೊಡ್ಡ ಚಿತ್ರ ನಡುವೆ, ಸುತ್ತ ಬಿಡುವು, ಬಣ್ಣಕ್ಕೆ ಬಣ್ಣ ಹೊಂದಿಕೆ. ಇಲ್ಲಿ ನೋಡಿದರೆ ಬಸ್ಸಿಗೆ ಕಾದು ನಿಂತವರ ಸಾಲಿನಂತೆ. ಅದರ ಮೇಲೆ ಪ್ರತಿ ಹುಳದ ಹೊಟ್ಟೆಯ ಕೆಳಗಿನಿಂದ ಇಣುಕುವ ಆ ಹಳದಿ ಚೀಟಿ! ಬೆಲೆಚೀಟಿ ಕೀಳದೆ ಸೀರೆ ಉಟ್ಟು ಮದುವೆಗೆ ಬಂದ ಹಾಗೆ. ಒಂದನ್ನು ಭೂತಗನ್ನಡಿ ಹಿಡಿದು ಓದಿದೆ.

"ಜಾಂಬೋಟಿ ರಸ್ತೆ, ಎರಡನೇ ತಿರುವು. 2-10-1996. ಲಾರಿ."

ಇಪ್ಪತ್ತೇಳು ವರ್ಷದಿಂದ ಇಂಥ ವಾಕ್ಯಗಳನ್ನು ತಿದ್ದಿ ಅನ್ನ ತಿಂದವನು ನಾನು. ಕೈ ಸುಮ್ಮನಿದ್ದೀತೇ?

ಸೂಜಿ ಕಿತ್ತೆ, ಚೀಟಿ ಜಾರಿಸಿದೆ, ಹುಳವನ್ನು ಹೊಸ ಜಾಗದಲ್ಲಿ ಚುಚ್ಚಿದೆ. ದಿನಕ್ಕೆ ಇನ್ನೂರ ಹದಿಮೂರರ ಸರಾಸರಿ. ಕಪ್ಪು ದುಂಬಿಗಳಿಂದ ಅಂಚು ಕಟ್ಟಿದೆ, ಚಿಟ್ಟೆಗಳಿಂದ ಕಮಲ ಬಿಡಿಸಿದೆ. ಹದಿನಾಲ್ಕನೇ ಪೆಟ್ಟಿಗೆಯಲ್ಲಿ ಹಸಿರು ಜೀರುಂಡೆಗಳಿಂದ ಕರ್ನಾಟಕದ ನಕಾಶೆಯನ್ನೇ ಬರೆದು, ಬೆಳಗಾವಿ ಇರುವಲ್ಲಿ ಒಂದು ಕೆಂಪು ಹುಳ ಚುಚ್ಚಿದೆ. ಈ ಕಾರ್ಯದಲ್ಲಿ ಹನ್ನೊಂದು ರೆಕ್ಕೆ, ಸುಮಾರು ನಲವತ್ತು ಕಾಲು ಉದುರಿದವು. ಎಲ್ಲವನ್ನೂ ಗೋಂದು ಹಚ್ಚಿ ಅಂಟಿಸಿದೆ. ಯಾವ ಕಾಲು ಯಾರದು ಎಂಬ ವಿಚಾರಣೆಗೆ ಹೋಗಲಿಲ್ಲ.

ಶರ್ವರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಚೀಟಿ ಯಾಕ ಕೀಳಾಕತ್ತೀರಿ? ಅಪ್ಪನ್ನ ಒಂದ ಮಾತು ಕೇಳ್ರಿ."

"ಅವರಿಗೆ ಆಶ್ಚರ್ಯ ಆಗಲಿ ಅಂತ ಮಾಡಾಕತ್ತೀನಿ. ಮ್ಯೂಸಿಯಮ್ ಅಂದ್ರ ನೋಡಾಕ ಚಂದ ಇರಬೇಕು. ಹನ್ನೆರಡು ಕಂತು ಬರದೀನಿ, ನನಗ ಗೊತ್ತಿಲ್ಲೇನು?"

"ನಿಮಗ ಗೊತ್ತಿರಬೇಕು," ಎಂದಳು. ಒಪ್ಪಿ ಹೇಳಿದಳೋ ಸೋತು ಹೇಳಿದಳೋ, ನಾನು ಗಮನಿಸಲಿಲ್ಲ. ಸಂಜೆ ಕಸದ ಬುಟ್ಟಿಯಿಂದ ಅಪ್ಪನ ಅಕ್ಷರದ ಚೀಟಿಗಳನ್ನೆಲ್ಲ ಒಂದೊಂದಾಗಿ ಆರಿಸಿ, ಅಂಗಡಿಯಿಂದ ಕುಂದಾ ಸಿಹಿ ತಂದಿದ್ದ ಖಾಲಿ ಡಬ್ಬಿಯೊಂದರಲ್ಲಿ ತುಂಬಿದಳು. ಒಂಬತ್ತು ದಿನವೂ ತುಂಬಿದಳು.

ಇನ್ನು ಹೊಸ ಚೀಟಿಗಳು! ಇಲ್ಲಿ ನನ್ನ ಲೇಖನಿಗೆ ನಿಜವಾದ ಹಸಿರು ಬಯಲು ಸಿಕ್ಕಿತು. ಮಂದವಾದ ಕೆನೆಬಣ್ಣದ ಕಾಗದ, ಬಂಗಾರದ ಅಂಚು, ನಾನೂರು ಚೀಟಿ. "ಜಾಂಬೋಟಿ ರಸ್ತೆ, ಲಾರಿ" ಎಂದು ಅನಾಥವಾಗಿ ಬಿದ್ದಿದ್ದ ಪತಂಗಕ್ಕೆ ನಾನು ಬರೆದದ್ದು: "ಜಾಂಬೋಟಿಯ ಗೊಂಡಾರಣ್ಯದಲ್ಲಿ ಮೂರು ಹಗಲು ಬೆನ್ನಟ್ಟಿದ ಸಂಗ್ರಾಹಕನಿಗೆ ಕೊನೆಗೂ ಸೆರೆಸಿಕ್ಕ ಸುಂದರಿ!" ಬಸ್ ನಿಲ್ದಾಣದ ದೀಪಕ್ಕೆ ಬಡಿದು ಸತ್ತ ಕೊಂಬಿನ ದುಂಬಿಗೆ: "ಬಲೆ ಬೀಸಿದ ಕೈಗೇ ಕೊಂಬು ಝಳಪಿಸಿದ ಕಾಡಿನ ಸೇನಾಪತಿ!"

ಮುದ್ರಣಕ್ಕೆ ಕೊಡುವ ಮುಂಚೆ ಕಚೇರಿಗೆ ಹೋಗಿ ಉಪಸಂಪಾದಕ ಗುರುಪುತ್ರಪ್ಪನಿಗೆ ತೋರಿಸಿದೆ. ಅವನು ಎರಡು ಹಾಳೆ ಓದಿ ಕನ್ನಡಕ ತೆಗೆದ.

"ಸರ್, ಇದು ಹುಳದ ಚೀಟಿನೋ, ಲಗ್ನಪತ್ರಿಕಿನೋ?"

"ನಿನಗ ರಸ ಗೊತ್ತಿಲ್ಲ ಬಿಡು. ಇದನ್ನ ಓದಿದವರ ಕಣ್ಣಾಗ ನೀರು ಬರಬೇಕು."

"ಬರತೈತ್ರಿ ಸರ್," ಎಂದ ಗುರುಪುತ್ರಪ್ಪ. "ಯಾರ ಕಣ್ಣಾಗ ಅನ್ನೂದಷ್ಟ ನೋಡಬೇಕು."

ಮಾರ್ಚ್ ಒಂಬತ್ತು ಬಂತು. ಬೆಳಗ್ಗೆ ಹತ್ತಕ್ಕೆ ಸುಯೋಗನ ವ್ಯಾನಿನಿಂದ ಮಾವ, ಅತ್ತೆ ಇಳಿದರು. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ನಿವೃತ್ತಿಯ ಸಮಾರಂಭಕ್ಕೆ ತೊಟ್ಟಿದ್ದ ಅಂಗಿಯಂತೆ ಅದು. ಬಸದಿಯ ಕಡೆಯ ನಾಲ್ವರು ಹಿರಿಯರನ್ನೂ ನಾನು ಕರೆದಿದ್ದೆ. ಅವರು ಆಗಲೇ ಬಂದು, ಕೈ ಹಿಂದೆ ಕಟ್ಟಿ, ಒಂದೊಂದೇ ಚೀಟಿ ಓದುತ್ತಿದ್ದರು. ಅವರ ಮುಖ ಗಂಭೀರವಾಗಿತ್ತು. ನನ್ನ ಶೈಲಿಯ ಪರಿಣಾಮ ಎಂದುಕೊಂಡೆ.

ಒಬ್ಬ ಹಿರಿಯರು ಮಾಸ್ತರರತ್ತ ತಿರುಗಿ ಮೆಲ್ಲಗೆ ಕೇಳಿದರು. "ಮಾಸ್ತರ, ನೀವು ಬೇಟಿ ಯಾವಾಗಿಂದ ಶುರು ಮಾಡಿದ್ರಿ?"

ಅತ್ತೆ ಶಾಂತಮ್ಮ ಕನ್ನಡಕ ಏರಿಸಿಕೊಂಡು ಮೊದಲ ಪೆಟ್ಟಿಗೆಗೆ ಬಗ್ಗಿದರು. ಗಟ್ಟಿಯಾಗಿ, ಅಕ್ಷರ ಅಕ್ಷರ ಓದಿದರು. ಎರಡನೆಯದನ್ನು ಓದಿದರು. ಆಮೇಲೆ ನೆಟ್ಟಗೆ ನಿಂತರು.

"ಬಲಿ ಬೀಸಿದ ಕೈ! ಯಾರ್ರಿ ಬಲಿ ಬೀಸಿದವರು? ನಮ್ಮ ಮನ್ಯಾಗ ಸೊಳ್ಳಿ ಪರದಿ ಬಿಟ್ಟರ ಇನ್ನೊಂದು ಬಲಿ ಇಲ್ಲ!"

"ಅತ್ತಿಯಾರ, ಅದು ಬರವಣಿಗಿ ಶೈಲಿ..."

"ಶೈಲಿ ಅಂದ್ರ ಸುಳ್ಳೇನ್ರಿ ಅಳಿಯಂದ್ರ? ಐವತ್ತೆರಡು ವರ್ಷ ಹೊತ್ತು ಮುಣಗೂದ್ರಾಗ ಊಟಾ ನೀಡೇನಿ ಈ ಮನಷ್ಯಾಗ. ಕಾಲಾಗ ಇರಬಿ ಬಂದ್ರ ದಾಟಿ ಹೋಗ್ತಾರ. ಅವರನ್ನ ಕರದು, ಅಂಗಿ ಹಾಕಸಿ, ನಾಕ್ ಮಂದಿ ಮುಂದ ಬೇಟಿಗಾರ ಮಾಡಿದ್ರೆಲ್ಲ!"

ಹಿರಿಯರು ನಾಲ್ವರೂ ಚಹಾ ಕುಡಿಯದೆ ಹೊರಟರು. ಬಾಗಿಲ ಹತ್ತಿರ ಚಪ್ಪಲಿ ಹುಡುಕುವ ಸದ್ದು ಬಹಳ ಹೊತ್ತು ಕೇಳಿಸಿತು.

ಮಾಸ್ತರರು ಇದಾವುದಕ್ಕೂ ಕಿವಿಗೊಡಲಿಲ್ಲ. ಅವರು ಬಂಗಾರದ ಅಂಚಿನ ಚೀಟಿಗಳನ್ನು ಓದುತ್ತಲೂ ಇರಲಿಲ್ಲ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗಿ, ತಲೆ ಓರೆ ಮಾಡಿ, ಹುಳಗಳ ಹೊಟ್ಟೆಯ ಕೆಳಗೆ ಇಣುಕುತ್ತಿದ್ದರು. ಹದಿನಾಲ್ಕನೇ ಪೆಟ್ಟಿಗೆಯ ಹತ್ತಿರ, ಕರ್ನಾಟಕದ ಎದುರು, ನಿಂತರು.

"ಚೀಟಿ ಎಲ್ಲಿ ಅದಾವ್ರಿ ಅಳಿಯಂದ್ರ?"

"ಜೋಪಾನ ಇಟ್ಟೀವಿ ಮಾವಾರ," ಎಂದೆ. ಇಟ್ಟವಳು ಯಾರೆಂದು ಹೇಳಲಿಲ್ಲ.

"ಹಂಗಂದ್ರ ಯಾವುದು ಯಾವುದರದು ಅಂತ ಬರದು ಇಟ್ಟೀರಿ?"

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಸಾಂಬ್ರಾದಲ್ಲಿ ವಿಮಾನ ಇಳಿದು ನೇರ ಬಂದಿದ್ದರು ಡಾಕ್ಟರ್ ತಹಮೀನಾ. ಕೈಯಲ್ಲಿ ಸಣ್ಣ ಚೀಲ, ಕೊರಳಲ್ಲಿ ಭೂತಗನ್ನಡಿ. ನಾನು ಪುಸ್ತಕದ ಕನ್ನಡದಲ್ಲಿ ಸ್ವಾಗತ ಭಾಷಣ ತಯಾರು ಮಾಡಿಕೊಂಡಿದ್ದೆ. ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ನಾನೂ ಇಲ್ಲಿಯಾಕಿನರಿ. ನಮ್ಮ ಅಮ್ಮೀ ಮನಿ ನಾಕ್ ಓಣಿ ಆಚೆ. ಮಾಸ್ತರ ಯಾರು?" ಎಂದು ಕೇಳಿ, ನೇರ ಮಾವನವರ ಎದುರು ನಿಂತು ಕೈ ಮುಗಿದರು. "ಸರ್, ನಿಮ್ಮನ್ನ ನೋಡಬೇಕಂತನ ಬಂದೆ."

ಮಾಸ್ತರರ ಮುಖದಲ್ಲಿ ಒಂದು ಕ್ಷಣ ಏನೋ ಬೆಳಕು ಬಂತು. ಅದನ್ನು ನಾನು ಮರೆಯಬೇಕೆಂದಿದ್ದೇನೆ. ಆಗುತ್ತಿಲ್ಲ.

ತಹಮೀನಾ ಪೆಟ್ಟಿಗೆಗೆ ಬಗ್ಗಿದರು. ಕನ್ನಡಿ ಹಿಡಿದರು.

"ಈ ಹುಳಕ್ಕ ಏಳು ಕಾಲು ಅದಾವಲ್ರಿ?"

"ಅಪರೂಪದ ಜಾತಿ ಇರಬೇಕು ಮೇಡಂ," ಎಂದೆ.

"ಹೌದ್ರಿ. ಗೋಂದಿನ ಜಾತಿ." ಅವರು ತಲೆ ಎತ್ತಲಿಲ್ಲ. "ಚೀಟಿ ಎಲ್ಲಿ ಅದಾವ?"

"ಇಲ್ಲೇ ಅದಾವಲ್ರಿ, ಬಂಗಾರದ ಅಂಚಿನವು."

"ಇವಲ್ಲರಿ. ಫೋಟೋದಾಗ ಸೂಜಿಗೆ ಇದ್ದುವಲ್ಲ, ಅವು. ಅವನ್ನ ಓದೇ ನಾನು ಬಂದಿದ್ದು."

ಅವರನ್ನು ಕರೆತಂದದ್ದು ನನ್ನ ಎರಡು ಪುಟದ ಪತ್ರವಲ್ಲ ಎಂಬುದು ಹೊಳೆಯಿತು. ಅದು ಆ ದಿನದ ಅತಿ ಸಣ್ಣ ಪೆಟ್ಟು.

ಶರ್ವರಿ ಒಳಗೆ ಹೋಗಿ ಕುಂದಾದ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆದಳು. ಸಾವಿರದ ಒಂಬೈನೂರ ಹದಿನಾಲ್ಕು ಚೀಟಿಗಳು, ಅಕ್ಕಿ ಅಳೆದು ಸುರಿದ ಹಾಗೆ, ಒಟ್ಟಾಗಿ ಬಿದ್ದಿದ್ದವು. ತಹಮೀನಾ ಕುರ್ಚಿ ಬೇಡವೆಂದು ನೆಲದ ಮೇಲೇ ಕುಳಿತರು. ಒಂದೊಂದೇ ತೆಗೆದು ಓದತೊಡಗಿದರು.

"ಖಾನಾಪುರ ಬಸ್ ನಿಲ್ದಾಣ, ಎರಡನೇ ಕಂಬ. 14-7-1988. ದೀಪಕ್ಕೆ ಬಡಿದು." ಇನ್ನೊಂದು. "ಖಾನಾಪುರ ಬಸ್ ನಿಲ್ದಾಣ, ಎರಡನೇ ಕಂಬ. 3-8-2011. ಹೊಸ ದೀಪ ಹಾಕಿದ ಮರುದಿನ. ಇಂದು ಅರವತ್ತು ಬಿದ್ದಿವೆ, ಒಂದನ್ನು ಎತ್ತಿದ್ದೇನೆ." ಇನ್ನೊಂದು. "ಮನೆ. ಬಚ್ಚಲ ಹಂಡೆ. 22-6-2003. ಮುಳುಗಿ ಸತ್ತಿದೆ. ಮುಚ್ಚಳ ಹಾಕುವುದನ್ನು ನಾನು ಮರೆತಿದ್ದೆ."

ಆ ಚೀಟಿಯನ್ನು ಕೈಯಲ್ಲೇ ಹಿಡಿದು ಅವರು ಹೇಳಿದರು: "ನಮ್ಮಲ್ಲಿ ಎಂಟು ಲಕ್ಷ ಹುಳಾ ಅದಾವ್ರಿ. ಎಲ್ಲಾ ಹಿಡದು ಕೊಂದವು. ತಾವಾಗಿ ಎಲ್ಲಿ ಸಾಯ್ತಾವ, ಯಾವ ದೀಪಕ್ಕ ಎಷ್ಟು ಸಾಯ್ತಾವ, ನಲವತ್ತೊಂದು ವರ್ಷ ಒಂದ ಕಂಬದ ಕೆಳಗ ಬಗ್ಗಿ ನೋಡಿ ಬರದವರು ಯಾರೂ ಇಲ್ಲ. ರೊಕ್ಕಾ ಕೊಟ್ಟು ಮಾಡಸಾಕ ಬರೂದಿಲ್ಲ ಇದು."

ನಾನು ಗಂಟಲು ಸರಿಮಾಡಿಕೊಂಡೆ. ಕೊನೆಯ ಅಸ್ತ್ರ ಒಂದಿತ್ತಲ್ಲ! "ಮೇಡಂ, ವಸ್ತುಸಂಗ್ರಹಾಲಯಗಳ ಬಗ್ಗೆ ನಾನು ಹನ್ನೆರಡು ಕಂತು..."

"ಓದೇನ್ರಿ. ಅಮ್ಮೀ ಕತ್ತರಿಸಿ ಕಳಸಿದ್ರು." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದು ಇನ್ನೂ ಕಷ್ಟ. "ನಮ್ಮ ಮ್ಯೂಸಿಯಮ್ಮಿಗೂ ಬಂದಿದ್ರಿ ನೀವು. ಗಾಜಿನಾಗ ಮಂದಿಗೆ ತೋರಸೂವು ಮುನ್ನೂರು ಹುಳಾ. ಉಳದದ್ದು ಎಲ್ಲಾ ಹಿಂದಿನ ಖೋಲಿಯೊಳಗ, ಕಪಾಟಿನಾಗ. ಅಲ್ಲೆ ಯಾರೂ ಬಣ್ಣಾ ನೋಡಾಕ ಬರೂದಿಲ್ಲ. ಚೀಟಿ ಓದಾಕ ಬರ್ತಾರ. ನ್ಯೂಸಿಲೆಂಡಿನಿಂದ ಬರ್ತಾರ್ರಿ, ಚೀಟಿ ಓದಾಕ! ನೀವು ಆ ಬಾಗಲಾ ತಟ್ಟಲೇ ಇಲ್ಲ."

"ಹಂಗಂದ್ರ, ಚೀಟಿ ಇಲ್ಲದ ಹುಳಾ ಅಂದ್ರ..."

"ಸತ್ತ ಹುಳಾ, ಸರ್."

ತಹಮೀನಾ ಮಾಸ್ತರರತ್ತ ನೋಡಿದರು. "ಬ್ಯಾರೆ ಎಲ್ಲೆರ ಬರದು ಇಟ್ಟೀರೇನ್ರಿ ಸರ್? ರಜಿಸ್ಟರ್?"

"ಸೂಜಿಗೆ ಇದ್ದದ್ದ ರಜಿಸ್ಟರ್ ನಮ್ಮವ್ವಾ," ಎಂದರು ಮಾಸ್ತರರು. "ಕೀಳ್ತಾರಂತ ಅಂದ್ಕೊಂಡಿರಲಿಲ್ಲ."

ಬಾಯಿ ಬಿಟ್ಟು ಅವರು ನನಗೆ ಬೈದಿದ್ದು ಇಷ್ಟೇ. ಇದು ಬೈಗುಳ ಹೌದೋ ಅಲ್ಲವೋ ಎಂದು ಇಂದಿಗೂ ನಿರ್ಧರಿಸಿಲ್ಲ.

ಹೊರಡುವಾಗ ತಹಮೀನಾ ಒಂದು ಮಾತು ಕೊಟ್ಟರು. ಮಾಸ್ತರರಿಗೆ ಖಚಿತವಾಗಿ ನೆನಪಿದ್ದಷ್ಟು ಹುಳಗಳಿಗೆ ಅವುಗಳದೇ ಚೀಟಿ ಹೊಂದಿಸಿ ಕೊಟ್ಟರೆ, ಅವನ್ನು ಮ್ಯೂಸಿಯಂ ತೆಗೆದುಕೊಳ್ಳುತ್ತದೆ. ಸಂಶಯವಿದ್ದರೆ ಬೇಡ. ಪೆಟ್ಟಿಗೆಗಳು, ಡಬ್ಬಿ, ಮಾವ, ಅತ್ತೆ, ಜತೆಗೆ ನನ್ನ ಹೆಂಡತಿ, ಎಲ್ಲವೂ ಅದೇ ಮಧ್ಯಾಹ್ನ ಸುಯೋಗನ ವ್ಯಾನಿನಲ್ಲಿ ಖಾನಾಪುರಕ್ಕೆ ಹೋದವು.

"ನೀ ಯಾವಾಗ ಬರ್ತಿ?" ಎಂದು ಶರ್ವರಿಯನ್ನು ಕೇಳಿದೆ.

"ಅಪ್ಪನ ಕೈ ನಡಗತೈತಿ. ಸೂಜಿ ಹಿಡಿಯೋರು ಒಬ್ಬರು ಬೇಕು."

"ನಾನೂ ಬರಲೇನು?"

"ನೀವು ಬ್ಯಾಡ್ರಿ," ಎಂದಳು. "ನೀವು ಕಂತು ಬರೀರಿ."

ಎಂಟು ವಾರ ನಾನು ಒಬ್ಬನೇ ಇದ್ದೆ. ಒಬ್ಬನೇ ಎಂದರೆ ತಪ್ಪಾದೀತು, ಇರುವೆಗಳು ಹೋಗಿರಲಿಲ್ಲ. ಸುದ್ದಿಯನ್ನು ಸುಯೋಗ ಫೋನಿನಲ್ಲಿ ಕೊಡುತ್ತಿದ್ದ. ಮಾಸ್ತರರು ಒಂದು ಹುಳವನ್ನು ಅರ್ಧ ತಾಸು ನೋಡುತ್ತಾರೆ. ಚೀಟಿಗಳ ರಾಶಿಯಿಂದ ಶರ್ವರಿ ಒಂದೊಂದೇ ಓದುತ್ತಾಳೆ. ಅವರು "ಇದಲ್ಲ" ಅನ್ನುತ್ತಾರೆ. ಕೆಲವೊಮ್ಮೆ "ಇದ ಇರಬೇಕು" ಅನ್ನುತ್ತಾರೆ. ಶರ್ವರಿ ಚುಚ್ಚಲು ಹೋದರೆ ತಡೆಯುತ್ತಾರೆ. "ಇರಬೇಕು ಅಂದ್ರ ಖಾತ್ರಿ ಅಲ್ಲವ್ವಾ. ತಗಿ."

ಅತ್ತೆ ಒಮ್ಮೆ ಫೋನು ಕಸಿದುಕೊಂಡು ಹೇಳಿದರು. "ನಸಿಕಿನ್ಯಾಗ ಎದ್ದು ಬಸ್ ಸ್ಟ್ಯಾಂಡಿಗೆ ಹೋಗ್ತಾರ್ರಿ, ಅಳಿಯಂದ್ರ. ಹುಳಾ ಎತ್ತಾಕ ಅಲ್ಲ. ಕಂಬದ ಕೆಳಗ ನಿಂತರ ನೆನಪಾಗತೈತೇನು ಅಂತ ನೋಡಾಕ."

ಅಷ್ಟು ಹೇಳಿ ಫೋನು ಇಟ್ಟರು.

ಏಪ್ರಿಲ್ ಮುಗಿಯುವ ಹೊತ್ತಿಗೆ ಖಾತ್ರಿಯಾದವು ಇನ್ನೂರ ಹನ್ನೊಂದು. ಮ್ಯೂಸಿಯಮ್ಮಿನವರು ಬಂದು ಗೌರವದಿಂದ ತೆಗೆದುಕೊಂಡು ಹೋದರು. ಕಪಾಟಿನ ಒಂದೇ ಒಂದು ಅರೆಯಲ್ಲಿ ಎಲ್ಲವೂ ಹಿಡಿದವಂತೆ. ಉಳಿದದ್ದು ಸಾವಿರದ ಏಳುನೂರ ಮೂರು.

ಮೇ ತಿಂಗಳ ಮೊದಲ ಭಾನುವಾರ ಧೈರ್ಯ ಮಾಡಿ ಖಾನಾಪುರದ ಬಸ್ಸು ಹತ್ತಿದೆ. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿದ್ದಿದೆ. ದೇಸೂರು ದಾಟುವಾಗ ಅದು ಸೊಗಸಾಗಿತ್ತು. ಖಾನಾಪುರ ಮುಟ್ಟುವಾಗ ಬಂಗಾರದ ಅಂಚು ಕಟ್ಟಿಸುವಷ್ಟು ಸೊಗಸಾಗಿತ್ತು. ಬಸ್ಸಿನಿಂದ ಇಳಿದೆ. ಎದುರಿಗೇ ದೀಪದ ಕಂಬಗಳಿದ್ದವು. ಮಾತೆಲ್ಲ ಮರೆತುಹೋಯಿತು.

ಮಾಸ್ತರರು ಪಡಸಾಲೆಯಲ್ಲಿ ಕಿಟಕಿಯ ಬೆಳಕಿಗೆ ಕುಳಿತಿದ್ದರು. ಎದುರು ಮೇಜಿನ ಮೇಲೆ ಹುಳಗಳ ಪೆಟ್ಟಿಗೆ, ಉಗುರಿನಷ್ಟು ಅಗಲಕ್ಕೆ ಕತ್ತರಿಸಿದ ಬಿಳಿ ಚೀಟಿಗಳ ಕಟ್ಟು. ಪಕ್ಕದಲ್ಲಿ ಅತ್ತೆ ಬೆಂಡೆಕಾಯಿ ಹೆಚ್ಚುತ್ತಿದ್ದರು. ಶರ್ವರಿ ಒಳಗಿನಿಂದ ಇಣುಕಿ, ನನ್ನನ್ನು ನೋಡಿ, ನೀರು ತಂದಿಟ್ಟು ಗೋಡೆಗೆ ಒರಗಿ ನಿಂತಳು.

"ಮಾವಾರ, ನನ್ನಿಂದ..."

"ಬರ್ರಿ, ಕುಂದರ್ರಿ," ಎಂದರು ಮಾಸ್ತರರು. "ಕನ್ನಡಕ ತಂದೀರಿ?"

"ತಂದೀನ್ರಿ."

"ಛಲೋ ಆತು. ಈ ಉಳದಾವಲ್ಲ, ಇವನ್ನ ಹಂಗ ಬಿಡಾಕ ಬರೂದಿಲ್ಲ. ಒಂದೊಂದಕ್ಕ ಚೀಟಿ ಆಗಬೇಕು. ನನ್ನ ಕೈ ನಿಂದರೂದಿಲ್ಲ. ನಿಮ್ಮ ಅಕ್ಷರ ದುಂಡಗ ಅದಾವ. ಬರೀರಿ."

ನನ್ನ ಎದೆ ತುಂಬಿ ಬಂತು. ಇದಕ್ಕಿಂತ ದೊಡ್ಡ ಮನಸ್ಸು ಉಂಟೇ! ತೋಳು ಮಡಚಿ, ಪೆನ್ನಿನ ಟೋಪಿ ತೆಗೆದು ಕುಳಿತೆ.

"ಏನ ಬರೀಲ್ರಿ?"

"ಗೊತ್ತಿದ್ದದ್ದಷ್ಟ ಬರೀಬೇಕು. ಮೊದಲನೇ ಸಲ ಎಲ್ಲಿ ಸತ್ತುವು ಅನ್ನೂದು ಇನ್ನ ಯಾರಿಗೂ ಗೊತ್ತಿಲ್ಲ. ಅದು ಬ್ಯಾಡ. ಎರಡನೇ ಸಲ ಸತ್ತದ್ದು ಗೊತ್ತೈತಿ. ಅದನ್ನ ಬರೀರಿ." ಅವರು ತರಗತಿಯಲ್ಲಿ ಟಿಪ್ಪಣಿ ಹೇಳುವ ದನಿಯಲ್ಲಿ, ನಿಧಾನವಾಗಿ, ಹೇಳಿ ಬರೆಸಿದರು. "ಎಲ್ಲಿ: ಖಾಸಬಾಗ, ಅಳಿಯನ ಮನೆ. ಆತೇನು? ಯಾವಾಗ: ಮಾರ್ಚ್ 2025."

ಎರಡು ಸಾಲು ಬರೆದೆ. ಅಕ್ಷರ ದುಂಡಗೇ ಬಂದವು. ಮೂರನೇ ಸಾಲಿಗೆ ಪೆನ್ನು ಇಳಿಸಿ ಕಾದೆ. ಅತ್ತೆ ಹೆಚ್ಚುವುದನ್ನು ನಿಲ್ಲಿಸಿದ್ದರು.

"ಹೆಂಗ ಸತ್ತುವು ಅನ್ನೂ ಕಡೆ ಏನ ಬರೀಲ್ರಿ ಮಾವಾರ?"

"ನಿಮ್ಮ ಹೆಸರು ಬರೀರಿ," ಎಂದರು ಮಾಸ್ತರರು. "ಪೂರ್ತಿ ಬರೀರಿ. ಪೇಪರಿನ್ಯಾಗ ಹೆಂಗ ಬರತೈತಿ, ಹಂಗ."